ಅರಗಿನ ತಟ್ಟೆಯ ಬೂದು ಗೆರೆ

ಹಳೆಯ ಗ್ರಾಮಾಫೋನ್ ತಟ್ಟೆ ಕೊಳ್ಳುವವರು ಅದನ್ನು ಕೇಳುವುದಕ್ಕೆ ಮೊದಲು ಬಡಿದು ನೋಡುತ್ತಾರೆ. ನಡುವಿನ ತೂತಿಗೆ ಬೆರಳು ತೂರಿಸಿ ನೇತುಹಾಕಿ, ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟುತ್ತಾರೆ, ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ. ಟಣ್ ಎಂದರೆ ಗಟ್ಟಿ. ಬೊದಕ್ಕೆಂದರೆ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಆಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಕಪ್ಪು ಮೈ ಮಿರುಗುತ್ತಿದ್ದರೆ ತಟ್ಟೆ ಹೆಚ್ಚು ತಿರುಗಿಲ್ಲ. ಬೂದುಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಮುಳ್ಳು ಅದರ ಮೇಲೆ ಬೇಕಾದಷ್ಟು ಓಡಾಡಿದೆ. ಬೂದು ತಟ್ಟೆಗೆ ವ್ಯಾಪಾರಿ ಬೆಲೆ ಇಳಿಸುತ್ತಾನೆ, ಸಂಗ್ರಾಹಕರು ಮೂಗು ಮುರಿಯುತ್ತಾರೆ. ಬೇರೆ ಸಂಗೀತದ ಮಾತು ಬಿಡಿ, ಜಾಝ್ ತಟ್ಟೆಯಾದರೆ ಆ ಬೂದು ಎಲ್ಲಿದೆ ಎಂದು ನೋಡುವುದೇ ನನಗೊಂದು ಚಪಲ. ಕೆಲವು ತಟ್ಟೆಗಳಲ್ಲಿ ಅದು ಮೈಯೆಲ್ಲ ಹರಡಿರುವುದಿಲ್ಲ. ಅಂಚಿನಿಂದ ಒಳಗೆ ಅರ್ಧ ದಾರಿ ದಾಟಿದ ಮೇಲೆ, ಒಂದು ಬೆರಳಿನಷ್ಟೂ ಅಗಲವಿಲ್ಲದ ಪಟ್ಟೆ ಮಾತ್ರ ಮಬ್ಬಾಗಿರುತ್ತದೆ. ಹಾಕಿ ಕೇಳಿದರೆ ಅಲ್ಲೊಂದು ಕಾರ್ನೆಟ್ ಒಂಟಿಯಾಗಿ ನುಡಿಯುತ್ತಿರುತ್ತದೆ. ಯಾರೋ ಎಂದೋ ಮುಳ್ಳೆತ್ತಿ ಮತ್ತೆ ಅಲ್ಲಿಗೇ ಇಟ್ಟು, ಮತ್ತೆ ಎತ್ತಿ ಮತ್ತೆ ಇಟ್ಟು, ಆ ಮುಕ್ಕಾಲು ನಿಮಿಷವನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ.

ಜಾಝ್ ಕಲಿತವರಲ್ಲಿ ಬಹಳ ಮಂದಿ ಕಲಿತದ್ದೇ ಹೀಗೆ. ನ್ಯೂ ಆರ್ಲಿಯನ್ಸ್‌ನ ಬೀದಿಗಳಲ್ಲಿ, ಕುಣಿತದ ಹಾಲುಗಳಲ್ಲಿ, ಶವಯಾತ್ರೆಯ ಮುಂದೆ ನಡೆಯುವ ಬ್ಯಾಂಡುಗಳಲ್ಲಿ ಬೆಳೆದ ಸಂಗೀತ ಅದು. ಕಾಗದದ ಮೇಲೆ ಬರೆದರೆ ಅರ್ಧಕ್ಕರ್ಧ ಸೋರಿಹೋಗುತ್ತದೆ. ಬಡಿ ಬೋಲ್ಡನ್ ಎಂಬ ಕಾರ್ನೆಟ್ ವಾದಕನನ್ನು ಆ ಊರಿನ ಹಳಬರು ಮೂಲಪುರುಷನಂತೆ ನೆನೆಯುತ್ತಿದ್ದರು. 1907ರಲ್ಲಿ ಅವನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು, 1931ರಲ್ಲಿ ಅಲ್ಲೇ ತೀರಿಕೊಂಡ. ಅವನ ನಾದದ ಒಂದು ಚೂರೂ ನಮಗೆ ದಕ್ಕಿಲ್ಲ. ಜಾಝ್ ಎಂಬ ಹೆಸರು ಹೊತ್ತು ಹೊರಬಂದ ಮೊದಲ ತಟ್ಟೆಗೆ ನುಡಿಸಿದವರು ಅದೇ ಊರಿನ ಐವರು ಬಿಳಿಯರು, ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್‌ನವರು. 1917ರ ಫೆಬ್ರವರಿ 26ರಂದು ನ್ಯೂಯಾರ್ಕಿನಲ್ಲಿ, ವಿಕ್ಟರ್ ಕಂಪನಿಗಾಗಿ. ಒಂದು ಬದಿಯಲ್ಲಿ ಕ್ಲಾರಿನೆಟ್ಟು ಹುಂಜದಂತೆ ಕೂಗುತ್ತದೆ, ಕಾರ್ನೆಟ್ಟು ಕುದುರೆಯಂತೆ ಕೆನೆಯುತ್ತದೆ, ಟ್ರೊಂಬೋನು ಅಂಬಾ ಎನ್ನುತ್ತದೆ. ಜನ ಮುಗಿಬಿದ್ದು ಕೊಂಡರು. ನನಗೆ ಆ ದೊಡ್ಡಿಯ ಹಾಸ್ಯ ವರ್ಷಕ್ಕೊಮ್ಮೆ ಸಾಕು. ಆದರೆ ಅಯೋವಾದ ಡ್ಯಾವನ್‌ಪೋರ್ಟ್ ಎಂಬ ಊರಿನಲ್ಲಿ ಬಿಕ್ಸ್ ಬೈಡರ್‌ಬೆಕ್ ಎಂಬ ಹುಡುಗ ಇದೇ ತಂಡದ ತಟ್ಟೆಗಳ ಜೊತೆ ನುಡಿಸುತ್ತ ನುಡಿಸುತ್ತ ಕಾರ್ನೆಟ್ ಕಲಿತ. ಹತ್ತು ವರ್ಷ ಕಳೆಯುವಷ್ಟರಲ್ಲಿ, 1927ರ ಫೆಬ್ರವರಿಯಲ್ಲಿ, ಫ್ರಾಂಕಿ ಟ್ರಂಬಾವರ್ ತಂಡದಲ್ಲಿ 'ಸಿಂಗಿನ್ ದ ಬ್ಲೂಸ್' ನುಡಿಸಿದ. ಕುದುರೆಯ ಕೆನೆತದಿಂದ ಹೊರಟವನು ಅಷ್ಟು ತಿಳಿಯಾದ, ಒಂದು ಸ್ವರವನ್ನೂ ದುಂದು ಮಾಡದ ನುಡಿಕೆಗೆ ಬಂದು ಮುಟ್ಟಿದನಲ್ಲ, ಆ ದಾರಿಯಲ್ಲಿ ಎದುರಿಗೆ ಕೂತು ಹೇಳಿಕೊಡುವ ಗುರುವಿಗಿಂತ ತಿರುಗುವ ತಟ್ಟೆಯ ಪಾಲೇ ಹೆಚ್ಚು.

ತಟ್ಟೆ ಯಾವುದರದ್ದು? ಅರಗಿನದ್ದು. ಮುತ್ತುಗ, ಬೋರೆ, ಕುಸುಮದಂಥ ಮರಗಳ ಎಳೆ ಕೊಂಬೆಗಳಿಗೆ ಅಂಟಿಕೊಂಡು ರಸ ಹೀರುವ ಪುಟ್ಟ ಹುಳು ತನ್ನ ಮೈ ಸುತ್ತ ಒಸರಿಸಿಕೊಳ್ಳುವ ಅಂಟು ಅದು. ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿಕೊಟ್ಟದ್ದು ಇದರಲ್ಲೇ. ಚನ್ನಪಟ್ಟಣದಲ್ಲಿ ಚರಕಿಗೆ ಸಿಕ್ಕಿಸಿದ ಹಾಲೆಮರದ ಬೊಂಬೆ ಗಿರ್ರನೆ ತಿರುಗುವಾಗ ಬಣ್ಣದ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಕರಗಿ ಮೈಗೆ ಹತ್ತುವುದೂ ಇದೇ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಗತ್ತಿನ ಬಹುಪಾಲು ಅರಗು ಛೋಟಾ ನಾಗಪುರದ ಕಾಡುಗಳಿಂದಲೂ ಅದರ ಸುತ್ತಿನ ಸೀಮೆಯಿಂದಲೂ ಕಲ್ಕತ್ತದ ಬಂದರಿಗೆ ಬಂದು ಹಡಗು ಹತ್ತುತ್ತಿತ್ತು. ತಟ್ಟೆಯ ಪಾಕದಲ್ಲಿ ಅರಗಿನ ಪಾಲು ನಾಲ್ಕನೆಯ ಒಂದರಷ್ಟು, ಎಷ್ಟೋ ಸಲ ಅದಕ್ಕೂ ಕಡಿಮೆ. ಮಿಕ್ಕದ್ದು ಕಲ್ಲಿನ ಪುಡಿ, ಕಾಡಿಗೆ, ಒಂದಿಷ್ಟು ಹತ್ತಿಯ ನಾರು. ಕಲ್ಲಿನ ಪುಡಿ ಬೆರೆಸುವುದಕ್ಕೆ ಉಳಿತಾಯದ ಜೊತೆ ಇನ್ನೊಂದು ಕಾರಣವಿತ್ತು. ಕೀ ಕೊಡುವ ಗ್ರಾಮಾಫೋನಿನಲ್ಲಿ ನೂರು ಗ್ರಾಮಿಗೂ ಮಿಕ್ಕ ಭಾರ ಮುಳ್ಳಿನ ತುದಿಯ ಮೇಲೆ ಕೂತಿರುತ್ತದೆ. ಆ ಭಾರವನ್ನು ತಡೆಯಬೇಕು, ಜೊತೆಗೆ ಹೊಸ ಮುಳ್ಳನ್ನು ಮೊದಲ ಕೆಲವು ಸುತ್ತುಗಳಲ್ಲೇ ಉಜ್ಜಿ ಗೆರೆಯ ಅಳತೆಗೆ ತರಬೇಕು. ತಟ್ಟೆಯೇ ಸಾಣೆಕಲ್ಲು. ಒಂದು ಬದಿಗೆ ಒಂದು ಮುಳ್ಳು, ಮುಗಿದ ಮೇಲೆ ಎಸೆಯಬೇಕು. ಜಿಪುಣತನ ಮಾಡಿ ಅದನ್ನೇ ಮತ್ತೆ ಹಾಕಿದವರ ಮನೆಯಿಂದ ಬಂದ ತಟ್ಟೆಗಳನ್ನು ದೂರದಿಂದಲೇ ಗುರುತಿಸಬಹುದು.

ಕೇಳುವಾಗ ಮೊದಲು ಎದುರಾಗುವ ಆ ಸರಸರ ಸದ್ದು ಈ ಕಲ್ಲಿನ ಪುಡಿಯದ್ದು. ಹೊಸಬರು ಅಲ್ಲೇ ಹಿಂದೆಗೆಯುತ್ತಾರೆ. ಬಲವಂತ ಮಾಡುವುದಿಲ್ಲ. ಎರಡು ಮೂರು ತಟ್ಟೆ ಕೇಳುವಷ್ಟರಲ್ಲಿ ಕಿವಿ ಆ ಸದ್ದನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿಬಿಡುತ್ತದೆ. ಹೋಗದಿದ್ದರೆ ಆ ಕಿವಿಗೆ ಬೇರೆ ಸಂಗೀತ ಬೇಕಾದಷ್ಟಿದೆ.

ಒಳಗೆ ಹೋಗುವ ಕಿವಿಗೆ ನಾನು ಮೊದಲು ಕೇಳಿಸುವುದು 'ಡಿಪರ್‌ಮೌತ್ ಬ್ಲೂಸ್'. 1923ರ ಏಪ್ರಿಲ್‌ನಲ್ಲಿ ಕಿಂಗ್ ಆಲಿವರ್ ತನ್ನ ಕ್ರಿಯೋಲ್ ಜಾಝ್ ಬ್ಯಾಂಡನ್ನು ಕಟ್ಟಿಕೊಂಡು ಶಿಕಾಗೊದಿಂದ ಇಂಡಿಯಾನಾದ ರಿಚ್‌ಮಂಡ್ ಎಂಬ ಊರಿಗೆ ಹೋದ. ಅಲ್ಲಿ ಸ್ಟಾರ್ ಎಂಬ ಪಿಯಾನೊ ಕಾರ್ಖಾನೆ ಗೆನೆಟ್ ಎಂಬ ಹೆಸರಿನಲ್ಲಿ ತಟ್ಟೆಗಳನ್ನೂ ತೆಗೆಯುತ್ತಿತ್ತು. ಮುದ್ರಣದ ಕೋಣೆಯ ಪಕ್ಕದಲ್ಲೇ ರೈಲು ಹಳಿ. ಗಾಡಿ ಬಂದರೆ ಎಲ್ಲರೂ ವಾದ್ಯ ಕೆಳಗಿಟ್ಟು ಕಾಯಬೇಕು. ಆಗಿನ್ನೂ ಮೈಕ್ ಬಂದಿರಲಿಲ್ಲ. ಗೋಡೆಯಿಂದ ಚಾಚಿಕೊಂಡ ತುತ್ತೂರಿಯ ಬಾಯಿಗೆ ಎಲ್ಲರೂ ಮುಖಮಾಡಿ ನುಡಿಸಬೇಕು. ಆ ನಾದದ ಅದುರಿಗೇ ಇನ್ನೊಂದು ತುದಿಯ ಸೂಜಿ ಮೇಣದ ಮೇಲೆ ಗೆರೆ ಕೊರೆಯುತ್ತದೆ. ಒಮ್ಮೆ ಕೊರೆದರೆ ಕೊರೆದದ್ದೇ, ತಿದ್ದುವ ಮಾತಿಲ್ಲ. ದೊಡ್ಡ ಡ್ರಮ್ ಬಡಿದರೆ ಸೂಜಿ ಹಾರುತ್ತದೆಂಬ ಭಯಕ್ಕೆ ಡ್ರಮ್ಮಿನ ಬೇಬಿ ಡಾಡ್ಸ್‌ಗೆ ಮರದ ತುಂಡುಗಳನ್ನು ಟಕಟಕಿಸುವ ಕೆಲಸ ಮಾತ್ರ ಉಳಿಯಿತು. ಎರಡನೆಯ ಕಾರ್ನೆಟ್ಟಿಗೆ ಇಪ್ಪತ್ತೊಂದು ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್ ಇದ್ದ. ಪಿಯಾನೊ ನುಡಿಸುತ್ತಿದ್ದ ಲಿಲ್ ಹಾರ್ಡಿನ್ ಮುಂದೆ ನೆನೆದುಕೊಂಡಂತೆ, ಅವನ ನಾದ ಗುರು ಆಲಿವರ್‌ನದನ್ನು ಮುಚ್ಚಿಹಾಕುತ್ತದೆಂದು ಅವನನ್ನು ಎಲ್ಲರಿಂದ ದೂರ, ಹಿಂದಕ್ಕೆ ನಿಲ್ಲಿಸಿದರಂತೆ. ಪೆಚ್ಚುಮೋರೆ ಹಾಕಿಕೊಂಡು ಅಲ್ಲಿ ನಿಂತವನನ್ನೇ ಅವಳು ಮರುವರ್ಷ ಮದುವೆಯಾದಳು.

ತಟ್ಟೆ ಕೇಳೋಣ. ಮೊದಲಿಗೆ ಎಲ್ಲರೂ ಒಟ್ಟಿಗೇ ನುಗ್ಗುತ್ತಾರೆ. ಯಾರೂ ಯಾರ ದಾರಿಗೂ ಅಡ್ಡ ಬರುವುದಿಲ್ಲ. ಕಾರ್ನೆಟ್ಟುಗಳು ನಡುಮಾರ್ಗದಲ್ಲಿ ಹಾಡು ಹಿಡಿದಿದ್ದರೆ, ಕ್ಲಾರಿನೆಟ್ಟು ಮೇಲುಗಡೆ ಬಳ್ಳಿಯಾಡುತ್ತದೆ, ಟ್ರೊಂಬೋನು ಕೆಳಗಿನಿಂದ ಜಾರುತ್ತ ಬಂದು ಸೇರಿಕೊಳ್ಳುತ್ತದೆ. 12 ಬಾರ್‌ಗಳ ಬ್ಲೂಸ್ ಆವರ್ತ ಇದರ ಬೆನ್ನೆಲುಬು. ನಮ್ಮ ಕಿವಿ ತಾಳದ ಸುತ್ತಿಗೆ ಹದವಾದದ್ದು, ಹಾಗಾಗಿ ಸಮ ಎಲ್ಲಿ ಬರುತ್ತದೆಂದು ಹಿಡಿಯುವುದು ಕಷ್ಟವಲ್ಲ. ಆಮೇಲೆ ಜಾನಿ ಡಾಡ್ಸ್‌ನ ಕ್ಲಾರಿನೆಟ್ಟಿಗೆ ದಾರಿ ಬಿಟ್ಟು ಉಳಿದವರೆಲ್ಲ ಅಲ್ಲಲ್ಲಿ ಒಂದೊಂದು ಪೆಟ್ಟು ಮಾತ್ರ ಹಾಕಿ ಸುಮ್ಮನಾಗುತ್ತಾರೆ. ಮತ್ತೊಂದು ಸುತ್ತು ಎಲ್ಲರೂ ಕೂಡಿದ ಮೇಲೆ ಆಲಿವರ್‌ನ ಸರದಿ. ವಾದ್ಯದ ಬಾಯಿಗೆ ಮುಚ್ಚಳ ಹಿಡಿದು, ತೆರೆದು ಮುಚ್ಚಿ ತೆರೆದು ಮುಚ್ಚಿ, ಮೂರು ಸುತ್ತು ನುಡಿಸುತ್ತಾನೆ. ಹೆಚ್ಚು ಸ್ವರಗಳೇ ಇಲ್ಲ. ಒಂದೇ ಸ್ವರಕ್ಕೆ ಮತ್ತೆ ಮತ್ತೆ ಬಂದು, ಅದನ್ನು ಚೂರು ಬಗ್ಗಿಸಿ, ಅದರಿಂದ ಗೊಣಗಿಸಿ, ಅಳಿಸಿ, ಬೈಸುತ್ತಾನೆ. ಮೂರನೆಯ ಸುತ್ತಿನ ಕೊನೆಗೆ ಎಲ್ಲರೂ ನಿಂತ ಜಾಗದಲ್ಲಿ ಬ್ಯಾಂಜೊದ ಬಿಲ್ ಜಾನ್ಸನ್ ಖುಷಿಗೆ ಕೂಗುತ್ತಾನೆ. ಆ ಕೂಗು ತಟ್ಟೆಯಲ್ಲಿ ಹಾಗೆಯೇ ಉಳಿದಿದೆ.

ಮೊದಲು ಹೇಳಿದ ಬೂದುಪಟ್ಟೆ ಇಂಥ ತಟ್ಟೆಗಳಲ್ಲಿ ಇಂಥ ಕಡೆಯೇ ಇರುವುದು. ಆಲಿವರ್‌ನ ಈ ಮೂರು ಸುತ್ತು ಮುಂದಿನ ತಲೆಮಾರಿನ ಕಹಳೆಗಾರರಿಗೆ ಕೃತಿಯ ಹಾಗೆ ಪಾಠವಾಯಿತು. ಎರಡು ವರ್ಷದ ಮೇಲೆ ಫ್ಲೆಚರ್ ಹೆಂಡರ್ಸನ್ ತಂಡ ಇದನ್ನೇ 'ಶುಗರ್ ಫುಟ್ ಸ್ಟಾಂಪ್' ಎಂದು ಹೊಸ ಹೆಸರಿನಲ್ಲಿ ಮುದ್ರಿಸಿದಾಗ, ಆ ಸೋಲೊ ನುಡಿಸಿದವನು ಆರ್ಮ್‌ಸ್ಟ್ರಾಂಗ್. ಅಷ್ಟು ಹೊತ್ತಿಗೆ ಗುರುವನ್ನು ಮೀರಿದ್ದವನು, ತನ್ನದನ್ನು ಮೆರೆಸುವ ಅವಕಾಶ ಬಿಟ್ಟು ಗುರುವಿನ ಪಾಠವನ್ನೇ ಒಪ್ಪಿಸಿದ್ದಾನೆ. ಜಾಝ್ ಎಂದರೆ ಪೂರ್ತಿ ಮನೋಧರ್ಮ, ಎಲ್ಲ ಆ ಹೊತ್ತಿಗೆ ಹುಟ್ಟಿದ್ದು ಎಂದು ನಂಬಿದವರು ಈ ಎರಡು ತಟ್ಟೆಗಳನ್ನು ಬೆನ್ನುಬೆನ್ನಿಗೆ ಕೇಳಬೇಕು. ಆಲಿವರ್ ಅದೇ 1923ರಲ್ಲಿ ಓಕೆ ಕಂಪನಿಗೂ 'ಡಿಪರ್‌ಮೌತ್' ನುಡಿಸಿದ್ದಾನೆ. ಅದರ ಧ್ವನಿ ಹೆಚ್ಚು ಸ್ಪಷ್ಟ, ಬಲ್ಲವರು ಅದನ್ನೇ ಮೆಚ್ಚಬಹುದು. ನನ್ನ ವೋಟು ರೈಲು ಹಳಿ ಪಕ್ಕದ ಮುದ್ರಣಕ್ಕೆ. ಒಂದು ಮಾತು ಮಾತ್ರ ಮರೆಯುವಂತಿಲ್ಲ. ಅದೇ ಗೆನೆಟ್ ಕಾರ್ಖಾನೆ ಅದೇ ವರ್ಷಗಳಲ್ಲಿ ಕೂ ಕ್ಲಕ್ಸ್ ಕ್ಲಾನ್‌ನವರು ದುಡ್ಡು ಕೊಟ್ಟು ಮಾಡಿಸಿಕೊಂಡ ಹಾಡುಗಳ ತಟ್ಟೆಗಳನ್ನೂ ಒತ್ತಿಕೊಡುತ್ತಿತ್ತು. ಕರಿಯರ ಬ್ಯಾಂಡು, ಕರಿಯರನ್ನು ಹಗೆಯುವವರ ಹಾಡು, ಎರಡಕ್ಕೂ ಒಂದೇ ಅಚ್ಚುಮಣೆ, ಒಂದೇ ಅರಗು.

ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಹಿಡಿಸುವುದು ಮೂರು ಚಿಲ್ಲರೆ ನಿಮಿಷ. ನಮ್ಮವರಿಗೂ ಈ ಇಕ್ಕಟ್ಟು ಗೊತ್ತು. 1902ರಲ್ಲಿ ಕಲ್ಕತ್ತದಲ್ಲಿ ಮುದ್ರಣ ಶುರುವಾದಾಗ ಗೌಹರ್ ಜಾನ್ ಅಷ್ಟರೊಳಗೇ ರಾಗದ ಮುಖ ತೋರಿಸಿ, ತಾನ್ ಹಾಕಿ, ಕೊನೆಗೆ ತನ್ನ ಹೆಸರನ್ನೂ ಹೇಳಿ ಮುಗಿಸಿದ ಜಾಣೆ. (ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದ ಗೌಹರ್ ಜಾನ್ ಇವಳೇ.) ರಾತ್ರಿಯೆಲ್ಲ ಕುಣಿಸುತ್ತಿದ್ದ ಬ್ಯಾಂಡುಗಳಿಗೂ ಅದೇ ಅಳತೆ. ಕೆಲವರು ಅದನ್ನು ಕಟ್ಟುಪಾಡು ಎಂದು ಸಹಿಸಿಕೊಂಡರು. ಜೆಲಿ ರೋಲ್ ಮಾರ್ಟನ್ ಮಾತ್ರ ಅದರೊಳಗೇ ಮನೆ ಕಟ್ಟಿದ. 1926ರ ಸೆಪ್ಟೆಂಬರ್‌ನಲ್ಲಿ ಶಿಕಾಗೊದಲ್ಲಿ ಮುದ್ರಿಸಿದ 'ಬ್ಲ್ಯಾಕ್ ಬಾಟಮ್ ಸ್ಟಾಂಪ್' ಕೇಳಿ. ಎಲ್ಲರೂ ಕೂಡಿ ನುಡಿಸುವುದು, ಒಬ್ಬೊಬ್ಬರೇ ನುಡಿಸುವುದು, ತಟ್ಟನೆ ಎಲ್ಲ ನಿಂತು ಒಂದು ವಾದ್ಯ ಎರಡು ಬಾರ್ ತುಂಬುವುದು, ಲಯ ಇಮ್ಮಡಿಯಾದ ಭ್ರಮೆ, ಮತ್ತೆ ಎಲ್ಲರೂ ಕೂಡುವುದು. ಎಣಿಸಿ ಇಟ್ಟಂತಿದೆ, ಆದರೂ ಎಲ್ಲೂ ಬಿಗಿದುಕೊಂಡಿಲ್ಲ. ಹಿಂದಿನ ವರ್ಷವಷ್ಟೇ ವಿಕ್ಟರ್ ಕಂಪನಿ ವಿದ್ಯುತ್ ಮುದ್ರಣಕ್ಕೆ ಬಂದಿತ್ತು. ತುತ್ತೂರಿಯ ಬದಲು ಮೈಕ್ ಬಂದದ್ದರಿಂದಲೇ ಜಾನ್ ಲಿಂಡ್ಸೆಯ ದೊಡ್ಡ ಬಾಸಿನ ತಂತಿ ಮೀಟಿದ ಪೆಟ್ಟು ಹೊಟ್ಟೆಗೇ ತಾಗುವಂತೆ ಕೇಳುತ್ತದೆ. ಜಾಝ್ ಹುಟ್ಟಿಸಿದವನು ತಾನೇ ಎಂದು ಮಾರ್ಟನ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕೊಚ್ಚಿದ ಬಡಾಯಿಗೆ ಜನ ನಕ್ಕರು. ಈ ತಟ್ಟೆ ಕೇಳುವ ಮೂರು ನಿಮಿಷದ ಮಟ್ಟಿಗೆ ನಾನೂ ನಂಬುತ್ತೇನೆ.

ಇನ್ನು 'ವೆಸ್ಟ್ ಎಂಡ್ ಬ್ಲೂಸ್'. 1928ರ ಜೂನ್ 28, ಶಿಕಾಗೊ, ಓಕೆ ಕಂಪನಿ. ಕಟ್ಟಿದವನು ಆಲಿವರ್, ನುಡಿಸಿದವನು ಶಿಷ್ಯ. ಇದನ್ನು ಹೊಗಳಿ ಹೊಗಳಿ ಎಲ್ಲರೂ ಸವೆಸಿಬಿಟ್ಟಿದ್ದಾರೆ, ಆದರೂ ಬಿಟ್ಟು ಮುಂದೆ ಹೋಗುವ ಧೈರ್ಯ ನನಗಿಲ್ಲ. ಶುರುವಿಗೆ ಯಾವ ಜೊತೆಯೂ ಇಲ್ಲದೆ ಆರ್ಮ್‌ಸ್ಟ್ರಾಂಗ್‌ನ ಕಹಳೆ ಒಂದೇ. ಮೊದಲು ನಾಲ್ಕು ಸ್ವರ, ನೆಲಕ್ಕೆ ಹೆಜ್ಜೆ ಊರಿದಂತೆ. ಅಲ್ಲಿಂದ ಒಮ್ಮೆಲೇ ಮೇಲಕ್ಕೆ ಏರಿ, ತುದಿಯಲ್ಲಿ ಒಂದು ಕ್ಷಣ ನಿಂತು, ಸುರುಳಿ ಸುರುಳಿಯಾಗಿ ಇಳಿಯುತ್ತಾನೆ. ಎಲ್ಲ ಸೇರಿ ಹನ್ನೆರಡು ಸೆಕೆಂಡಿನ ಆಸುಪಾಸು. ಆಲಾಪವೆಂದು ಕರೆಯಲು ನನಗೆ ಆಸೆ, ಆದರೆ ಅಲ್ಲ. ಇಲ್ಲಿ ರಾಗ ಬಿಡಿಸುವ ನಿಧಾನವಿಲ್ಲ, ಬಾಗಿಲು ಒದ್ದು ತೆರೆಯುವ ಅವಸರವಿದೆ. ಲಯ ಇನ್ನೂ ಶುರುವೇ ಆಗಿಲ್ಲ, ಆಗಲೇ ಒಳಗೊಂದು ಲಯ ನಡೆಯುತ್ತಿದೆ. ಆಮೇಲೆ ಬರುವ ಹಾಡು ಆರಾಮದ ನಡಿಗೆಯದ್ದು. ಟ್ರೊಂಬೋನಿನ ಭಾಗದಲ್ಲಿ ಹಿಂದೆ ಜುಟಿ ಸಿಂಗಲ್‌ಟನ್ ಕುದುರೆ ಗೊರಸಿನಂಥ ಟಕ್ಕಟಕ್ ಹಾಕುತ್ತಿರುತ್ತಾನೆ. ಕೆಲವರಿಗೆ ಅದು ಎಳಸು ಎನಿಸುತ್ತದೆ, ನನಗೆ ಇಷ್ಟ. ಕ್ಲಾರಿನೆಟ್ಟು ಒಂದು ಮಾತು ಹೇಳಿದರೆ ಆರ್ಮ್‌ಸ್ಟ್ರಾಂಗ್ ಪದವಿಲ್ಲದ ದನಿಯಲ್ಲಿ ಮೆತ್ತಗೆ ಉತ್ತರ ಕೊಡುತ್ತಾನೆ. ಅರ್ಲ್ ಹೈನ್ಸ್‌ನ ಪಿಯಾನೊ ಗಾಜಿನ ಮಣಿ ಚೆಲ್ಲಿ ಹೋದ ಮೇಲೆ, ಕೊನೆಯ ಸುತ್ತಿನಲ್ಲಿ ಕಹಳೆ ಮೇಲಿನ ಒಂದೇ ಸ್ವರವನ್ನು ಹಿಡಿದು ನಾಲ್ಕು ಬಾರ್‌ಗಳ ಹತ್ತಿರದವರೆಗೂ ಬಿಡುವುದೇ ಇಲ್ಲ. ಅಲುಗಾಟವಿಲ್ಲ, ತೋರಿಕೆಯ ಕಂಪನವಿಲ್ಲ. ಕೆಳಗೆ ಸ್ವರಮೇಳ ಬದಲಾಗುತ್ತ ಹೋದಂತೆ ಅದೇ ಸ್ವರದ ಅರ್ಥವೂ ಬದಲಾಗುತ್ತದೆ. ಷಡ್ಜ ಹಿಡಿದು ನಿಂತ ದೊಡ್ಡ ಗಾಯಕರನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನನ್ನಲ್ಲಿರುವುದು ಇದರ ಪಾರ್ಲೋಫೋನ್ ಮುದ್ರಣ. ಓಕೆಯ ಮೂಲ ತಟ್ಟೆಗಳು ಅಮೆರಿಕದ ಕರಿಯರ ಬಡಾವಣೆಗಳ ಅಂಗಡಿಗಳಿಗೆಂದೇ ತಯಾರಾದವು. ಅವುಗಳಿಗೆ 'ರೇಸ್ ರೆಕಾರ್ಡ್ಸ್' ಎಂದು ಬೇರೆ ಸರಣಿ, ಬೇರೆ ಪಟ್ಟಿ. ಇಂಗ್ಲೆಂಡಿನ ಪಾರ್ಲೋಫೋನ್ 1929ರಿಂದ ಅವುಗಳಲ್ಲಿ ಆಯ್ದವನ್ನು ಮರುಮುದ್ರಿಸಿತು. ಅದರ ಒಂದು ಲಾಭವೆಂದರೆ ಪಾಕ ನುಣುಪಾಗಿದ್ದು ಸರಸರ ಕಡಿಮೆ. ಹಟ ಹಿಡಿದ ಸಂಗ್ರಾಹಕರು ಮೂಲವೇ ಬೇಕು ಎನ್ನುತ್ತಾರೆ. ಬೇಕಾದವರು ಕೊಳ್ಳಲಿ.

ನುಡಿಸುವ ವಿಷಯದಲ್ಲಿ ಮಾತ್ರ ನಾನೂ ಹಟಮಾರಿ. ಅಂದಚಂದದ ಪೆಟ್ಟಿಗೆ ಗ್ರಾಮಾಫೋನಿನಲ್ಲಿ ಉಕ್ಕಿನ ಮುಳ್ಳು ಹಾಕಿ ಕೇಳಿಸುವುದು ನೆಂಟರೆದುರು ಚೆಂದ, ತಟ್ಟೆಗೆ ಅಲ್ಲ. ಈಗಿನ ಹಗುರ ಪಿಕಪ್ಪಿಗೆ ಅಗಲ ತುದಿಯ ವಜ್ರದ ಮುಳ್ಳು ಹಾಕಿಸಬೇಕು. ಎಲ್‌ಪಿಯ ಸಣ್ಣ ಮುಳ್ಳು ಈ ಗೆರೆಗಳ ತಳಕ್ಕೆ ಬಿದ್ದು ಕಸವನ್ನಷ್ಟೇ ಕೆದಕುತ್ತದೆ. ಬೇರೆ ಬೇರೆ ಅಗಲದ ಮುಳ್ಳು ಇಟ್ಟುಕೊಂಡವರಿಗೆ ಇನ್ನೂ ಒಂದು ಮೋಜು: ಹಳೆಯ ಉಕ್ಕು ಸವೆಸಿದ ಮಟ್ಟಕ್ಕಿಂತ ಚೂರು ಮೇಲೋ ಕೆಳಗೋ ಗೋಡೆ ತಾಗುವ ಮುಳ್ಳು ಸಿಕ್ಕರೆ, ಸತ್ತಿತೆಂದುಕೊಂಡ ಬೂದು ತಟ್ಟೆಯೂ ಬಾಯಿ ಬಿಡುತ್ತದೆ. ತೊಳೆಯುವಾಗ ಸ್ಪಿರಿಟ್ ಮುಟ್ಟಿಸಬಾರದು, ಅರಗು ಅದರಲ್ಲಿ ಕರಗುತ್ತದೆ. ಶುದ್ಧ ನೀರು, ಒಂದು ಹನಿ ಮೆದು ಸೋಪು, ಮೆತ್ತನೆ ಬ್ರಷ್ಷು, ಕೂಡಲೇ ಒರೆಸುವುದು. ಮಳೆಗಾಲದಲ್ಲಿ ಗೆರೆಗಳೊಳಗೆ ಬೂಷ್ಟು ಕೂತರೆ ಅದೊಂದು ಪ್ರತ್ಯೇಕ ಪುರಾಣ.

ವೇಗದ ಪೇಚು ಇನ್ನೂ ರುಚಿಯದ್ದು. ನಿಮಿಷಕ್ಕೆ 78 ಸುತ್ತು ಎಂಬುದು ಹೆಸರಿಗೆ. ಮೊದಲ ದಿನಗಳಲ್ಲಿ ಒಂದೊಂದು ಕಂಪನಿ ತನಗೆ ತೋಚಿದ ವೇಗದಲ್ಲಿ ಕೊರೆಯುತ್ತಿತ್ತು. ವೇಗ ತಪ್ಪಿದರೆ ಶ್ರುತಿಯೂ ತಪ್ಪುತ್ತದೆ. ಸರಿಯಾದ ಶ್ರುತಿ ಯಾವುದೆಂದು ಹೇಗೆ ತಿಳಿಯುವುದು? ಕಾರ್ನೆಟ್ಟು, ಕ್ಲಾರಿನೆಟ್ಟುಗಳೆಲ್ಲ ಬಿ-ಫ್ಲ್ಯಾಟ್ ಶ್ರುತಿಯ ವಾದ್ಯಗಳು. ಆ ಬ್ಯಾಂಡುಗಳು ಬಿ-ಫ್ಲ್ಯಾಟ್, ಇ-ಫ್ಲ್ಯಾಟ್, ಎಫ್‌ಗಳಲ್ಲಿ ಸಲೀಸಾಗಿ ನುಡಿಸುತ್ತವೆ. ಇಡೀ ತಂಡ ಬಿ ಶ್ರುತಿಯಲ್ಲಿ ಕುಣಿಯುತ್ತಿದೆ ಎಂದು ಕೇಳಿಸಿದರೆ, ಅವರು ಶೂರರಾಗಿರಲಿಲ್ಲ, ನಮ್ಮ ತಟ್ಟೆ ಅರ್ಧ ಸ್ವರ ಮೇಲಾಗುವಷ್ಟು ಜೋರಾಗಿ ತಿರುಗುತ್ತಿದೆ. ತಿರುಗಣಿಯ ವೇಗ ಇಳಿಸುತ್ತ ಹೋದಂತೆ, ಗಡಿಬಿಡಿಯಲ್ಲಿದ್ದ ಕ್ಲಾರಿನೆಟ್ಟು ಒಂದು ಹಂತದಲ್ಲಿ ಹದವಾಗಿ ಕೂತು ಮರದ ದನಿಗೆ ಬಂದುಬಿಡುತ್ತದೆ. ಆ ಹದ ಸಿಕ್ಕಿದ ಖುಷಿ ತಂಬೂರಿಯ ಜೀವಾಳಿ ಕೂಡಿದ್ದಕ್ಕೆ ಕಡಿಮೆಯಲ್ಲ. ಇಂಗ್ಲೆಂಡಿನ ಜಾನ್ ಆರ್. ಟಿ. ಡೇವಿಸ್ ಈ ಕೆಲಸದ ದೊಡ್ಡ ಕೈ. ತಾನೂ ವಾದಕನಾಗಿದ್ದ ಅವನು ತಟ್ಟೆಯನ್ನು ಟೇಪಿಗಿಳಿಸಿ, ಚಟ್ ಎನ್ನುವ ಒಂದೊಂದು ಜಾಗದಲ್ಲೂ ಟೇಪಿನ ಲೇಪವನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದ. ಸಂಗೀತ ಮುಟ್ಟದೆ ಗದ್ದಲ ಮಾತ್ರ ತೆಗೆಯುವ ಆ ಕೈಹದ ಈಗಿನ ಕಂಪ್ಯೂಟರಿನವರಿಗೆ ಎಷ್ಟೋ ಸಲ ಇರುವುದಿಲ್ಲ. ಅವರು ಉಜ್ಜಿ ಉಜ್ಜಿ ಕೊಟ್ಟ ಆರ್ಮ್‌ಸ್ಟ್ರಾಂಗ್ ನೀರಿನಡಿ ಊದಿದ ಹಾಗಿರುತ್ತಾನೆ.

ಇಷ್ಟೆಲ್ಲ ಉಳಿದದ್ದೇ ಪುಣ್ಯ. 1942ರಲ್ಲಿ ಯುದ್ಧದಿಂದಾಗಿ ಭಾರತದ ಅರಗು ಹೋಗುವುದು ದುಸ್ತರವಾಯಿತು. ಇದ್ದಬದ್ದದ್ದು ಸೇನೆಯ ಕೆಲಸಕ್ಕೆ ಬೇಕಾಗಿ, ತಟ್ಟೆಗಳಿಗೆ ಕೊಡುತ್ತಿದ್ದ ಅರಗಿಗೆ ಅಮೆರಿಕ ಸರ್ಕಾರ ಭಾರೀ ಕತ್ತರಿ ಹಾಕಿತು. ಕಂಪನಿಗಳು ಹಳೆಯ ತಟ್ಟೆಗಳನ್ನು ತೂಕಕ್ಕೆ ಕೊಂಡು ಅರೆದು ಹೊಸದಕ್ಕೆ ಬೆರೆಸಿದವು. ಆ ಗುಡಾಣಗಳಿಗೆ ಯಾವ ಗೆನೆಟ್, ಯಾವ ಪ್ಯಾರಾಮೌಂಟ್ ಬಿದ್ದವೋ ದೇವರೇ ಬಲ್ಲ. 'ಜೂಲೂಸ್ ಬಾಲ್' ಎಂಬ ಆಲಿವರ್‌ನ ಗೆನೆಟ್ ತಟ್ಟೆಯದು ಒಂದೇ ಒಂದು ಪ್ರತಿ ಉಳಿದಿದೆ ಎಂಬುದು ಸಂಗ್ರಾಹಕರ ಲೋಕದಲ್ಲಿ ಮನೆಮಾತು.

ಅರಗು ಅಮೆರಿಕಕ್ಕೆ ಹೋದ ದಾರಿಯಲ್ಲೇ ಹಿಂದಿರುಗಿ ಬಂದವನೊಬ್ಬನಿದ್ದಾನೆ. 1926ರ ಮೇ 28ರಂದು ಶಿಕಾಗೊದಲ್ಲಿ ಎರ್ಸ್ಕಿನ್ ಟೇಟ್ ತಂಡ ವೊಕೇಲಿಯನ್ ಕಂಪನಿಗೆ 'ಸ್ಟಾಂಪ್ ಆಫ್, ಲೆಟ್ಸ್ ಗೋ' ನುಡಿಸಿತು. ವೆಂಡೋಮ್ ಎಂಬ ಚಿತ್ರಮಂದಿರದಲ್ಲಿ ಮೂಕಿ ಚಿತ್ರಗಳಿಗೆ ನುಡಿಸುತ್ತಿದ್ದ ತಂಡ ಅದು. ಆರ್ಮ್‌ಸ್ಟ್ರಾಂಗ್ ಅದರಲ್ಲಿದ್ದಾನೆ, ಆದ್ದರಿಂದಲೇ ಎಲ್ಲರೂ ಕೊಳ್ಳುತ್ತಾರೆ. ನಾನು ಕಾಯುವುದು ಪಿಯಾನೊಗೆ. ಟೆಡಿ ವೆದರ್‌ಫರ್ಡ್‌ನ ಎಡಗೈ ಅಲ್ಲಿ ಇಡೀ ಬ್ಯಾಂಡನ್ನು ಹೊತ್ತುಕೊಂಡು ಓಡುತ್ತದೆ. ಆ ವರ್ಷವೇ ಅವನು ಒಂದು ತಂಡದ ಜೊತೆ ಏಷ್ಯಾದ ಕಡೆ ಹೊರಟ. ಶಾಂಘೈ, ಮುಂಬಯಿಯ ತಾಜ್ ಹೋಟೆಲು, ಕೊನೆಗೆ ಯುದ್ಧದ ವರ್ಷಗಳಲ್ಲಿ ಕಲ್ಕತ್ತದ ಗ್ರ್ಯಾಂಡ್ ಹೋಟೆಲು. 1945ರ ಏಪ್ರಿಲ್‌ನಲ್ಲಿ, ನಲವತ್ತೊಂದನೆಯ ವಯಸ್ಸಿಗೆ, ಕಾಲರಾ ತಗುಲಿ ಕಲ್ಕತ್ತದಲ್ಲೇ ತೀರಿಕೊಂಡ. ಅವನ ತಂಡ ಅಲ್ಲಿ ಕೊಲಂಬಿಯಾಕ್ಕೆ ಮುದ್ರಿಸಿದ ತಟ್ಟೆಗಳು ನಮ್ಮ ಹಳೇ ಸಾಮಾನಿನ ಅಂಗಡಿಗಳಲ್ಲಿ, ಹಿಂದಿ ಚಿತ್ರಗೀತೆಗಳ ರಾಶಿಯ ನಡುವೆ, ಅದೃಷ್ಟವಿದ್ದರೆ ಈಗಲೂ ಕಣ್ಣಿಗೆ ಬೀಳುತ್ತವೆ. ಬಹುಪಾಲು ಆ ಕಾಲದ ಹೋಟೆಲು ಕುಣಿತದ ಹಾಡುಗಳು, ಸಿಪಾಯಿಗಳ ಸಂಜೆಗೆ ಬೇಕಾದ ಸಿಹಿ ಹೆಚ್ಚು. ಹಾಡು ಸರಿದು ಪಿಯಾನೊಗೆ ಒಂದಿಷ್ಟು ಜಾಗ ಸಿಕ್ಕಾಗ ಮಾತ್ರ ಕಿವಿ ನಿಮಿರುತ್ತದೆ. ಶಿಕಾಗೊದ್ದನ್ನೂ ಕಲ್ಕತ್ತದ್ದನ್ನೂ ಒಂದೇ ಸಲ ಕೂತು ಕೇಳುವುದಾದರೆ ಕಲ್ಕತ್ತದ್ದನ್ನು ಮೊದಲು ಹಾಕಿ. ಶಿಕಾಗೊದ್ದು ಮುಂಚೆ ಕೇಳಿಬಿಟ್ಟರೆ ಆಮೇಲೆ ಇದು ಸಪ್ಪೆ ಹೊಡೆಯುತ್ತದೆ, ಪಾಪ, ಅದು ಅನ್ಯಾಯ.